ಕಾಲಿನ ಸೆಳೆತಕ್ಕೆ ಉಪಾಯವಿದೆ, ಗುಳಿಗೆ ಮಾತ್ರ ಬಿಡಬೇಡಿ

ಕಳೆದ ಶ್ರಾವಣದಲ್ಲಿ ಕಮಲಾಪುರದ ಒಬ್ಬ ತಾಯಿ ತಮ್ಮ ಮಗನೊಡನೆ ಕಲಬುರಗಿಯ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ವಯಸ್ಸು ಐವತ್ತೈದರ ಆಸುಪಾಸು. ರಾತ್ರಿ ಮಲಗಿ ಗಂಟೆ ಎರಡಾಗುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ಕಲ್ಲಿನಂತಾಗುತ್ತದೆ, ಪಾದದ ಬೆರಳುಗಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತವೆ, ಎದ್ದು ನಿಲ್ಲಲೂ ಆಗದು, ಮಲಗಲೂ ಆಗದು ಎಂಬುದು ಅವರ ದೂರು. “ಒಂದು ಛಲೋ ಎಣ್ಣಿ ಕೊಡ್ರಿ ಸಾಹೇಬ್ರ, ಅಷ್ಟ ಸಾಕು” ಎಂದರು.

ಈಗ ಯಾವ ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದೆ. ರಕ್ತದೊತ್ತಡದ ಗುಳಿಗೆಯ ಹೆಸರು ಹೇಳಿ ಸುಮ್ಮನಾದರು. ಮಗ ಯಾವುದೋ ಕೆಲಸಕ್ಕೆಂದು ಹೊರಗೆ ಹೋದ ಮೇಲೆ ದನಿ ತಗ್ಗಿಸಿ ಹೇಳಿದರು: “ಎರಡು ವರ್ಷದ ಹಿಂದ ಎದಿ ಆಪರೇಷನ್ ಆಗ್ಯಾದರಿ. ಐದು ವರ್ಷ ತಪ್ಪಸಬ್ಯಾಡ್ರಿ ಅಂತ ಒಂದು ಗುಳಿಗಿ ಕೊಟ್ಟಾರ. ಅದು ಸುರು ಆದ ಮ್ಯಾಲೇ ಈ ಕಾಲು ಹಿಡಿಯೋದು ಬಂತು. ಮೂರು ತಿಂಗಳಾತು, ಬಿಟ್ಟೀನಿ. ಮನ್ಯಾಗ ಯಾರಿಗೂ ಹೇಳಿಲ್ಲರಿ.”

ಅವರು ಎಣ್ಣೆಗಾಗಿ ಬಂದಿದ್ದರು. ಆದರೆ ನನಗೆ ಅವರ ಕಾಲಿಗಿಂತ ಆ ಮೂರು ತಿಂಗಳ ಚಿಂತೆಯೇ ದೊಡ್ಡದಾಯಿತು.

ಈ ಚಿಂತೆಗೆ ಕಾರಣವುಂಟು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇಂಥದೇ ಶಸ್ತ್ರಚಿಕಿತ್ಸೆಯಾಗಿದ್ದ ಸಹೋದರಿಯೊಬ್ಬರು ನನ್ನ ಬಳಿ ಬಂದಿದ್ದರು. ಮೈ ಬಿಸಿಯೇರುವುದು, ಬೆವರು, ರಾತ್ರಿ ಕಾಲಿನ ಸೆಳೆತ ಇವು ಅವರ ತೊಂದರೆಗಳು. ಅಂದು ನಾನು ಅವರ ಆಸ್ಪತ್ರೆಯ ಕಡತವನ್ನು ಬಿಡಿಸಿ ನೋಡಲಿಲ್ಲ. “ಈ ಗುಳಿಗೆ ಉಷ್ಣ, ದೇಹ ತಂಪಾಗುವವರೆಗೆ ಕೆಲವು ತಿಂಗಳು ಬಿಟ್ಟುಬಿಡಿ” ಎಂದೆ. ಮೇಲಾಗಿ ಶತಾವರಿಯನ್ನೂ ಬರೆದುಕೊಟ್ಟೆ. ಅವರಿಗೆ ಹಿತವೆನಿಸಿತು, ನನ್ನನ್ನು ಹೊಗಳಿದರು. ಎರಡು ವರ್ಷಗಳ ನಂತರ ರೋಗ ಬೆನ್ನೆಲುಬಿಗೆ ಹರಡಿತ್ತು. ಗುಳಿಗೆ ಬಿಟ್ಟದ್ದೇ ಅದಕ್ಕೆ ಕಾರಣವೆಂದು ಖಚಿತವಾಗಿ ಹೇಳಲಾರೆ. ಅಲ್ಲವೆಂದು ಹೇಳಿ ಸಮಾಧಾನ ಪಟ್ಟುಕೊಳ್ಳಲೂ ಆರೆ. ನಲವತ್ತು ವರ್ಷಗಳ ಸಮೀಪಕ್ಕೆ ಬಂದ ನನ್ನ ವೃತ್ತಿಜೀವನದಲ್ಲಿ ಮರೆಯಲಾಗದ ತಪ್ಪು ಅದು. ಈ ಲೇಖನವನ್ನು ಬರೆಯಲು ಅದೇ ಪ್ರೇರಣೆ.

ಗುಳಿಗೆ ಮಾಡುವ ಕೆಲಸವೇನು?

ಸ್ತನ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನನ್ನು ಆಶ್ರಯಿಸಿ ಬೆಳೆಯುತ್ತವೆ. ಅಂಡಾಶಯವನ್ನು ತೆಗೆದರೆ ಕೆಲವರಲ್ಲಿ ಸ್ತನದ ಗಡ್ಡೆ ಕುಗ್ಗುತ್ತದೆ ಎಂಬುದನ್ನು 1896ರಲ್ಲಿಯೇ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ಪ್ರಕಟಿಸಿದ್ದರು. 1962ರಲ್ಲಿ ಇಂಗ್ಲೆಂಡಿನಲ್ಲಿ ಗರ್ಭನಿರೋಧಕ ಔಷಧಿಯನ್ನು ಹುಡುಕುತ್ತಿದ್ದವರ ಪ್ರಯೋಗಶಾಲೆಯಲ್ಲಿ ಟಾಮಾಕ್ಸಿಫೆನ್ ಸಿದ್ಧವಾಯಿತು. ಗರ್ಭನಿರೋಧಕವಾಗಿ ಅದು ಸೋತಿತು. ಆದರೆ ಈಸ್ಟ್ರೋಜೆನ್ ಸ್ತನದ ಜೀವಕೋಶದೊಳಗೆ ಹೋಗಿ ಕೂರಬೇಕಾದ ಜಾಗವನ್ನು ತಾನೇ ಆಕ್ರಮಿಸಿ, ಕ್ಯಾನ್ಸರಿಗೆ ಆಹಾರ ಸಿಗದಂತೆ ಮಾಡುವುದರಲ್ಲಿ ಗೆದ್ದಿತು. ಮುಟ್ಟು ನಿಂತವರಿಗೆ ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಎಕ್ಸಿಮೆಸ್ಟೇನ್ ಎಂಬ ಇನ್ನೊಂದು ಗುಂಪಿನ ಗುಳಿಗೆಗಳಿವೆ. ಇವು ದೇಹದಲ್ಲಿ ಈಸ್ಟ್ರೋಜೆನ್ ತಯಾರಾಗುವುದನ್ನೇ ತಡೆಯುತ್ತವೆ.

ಸಾವಿರಾರು ಮಹಿಳೆಯರನ್ನು ಹದಿನೈದು ವರ್ಷ ಗಮನಿಸಿದ ಅಧ್ಯಯನಗಳ ಸಾರ ಇಷ್ಟು: ಹಾರ್ಮೋನನ್ನು ಆಶ್ರಯಿಸಿದ ಕ್ಯಾನ್ಸರ್ ಇದ್ದು, ಟಾಮಾಕ್ಸಿಫೆನನ್ನು ಸುಮಾರು 5 ವರ್ಷ ಸೇವಿಸಿದವರಲ್ಲಿ ಆ ರೋಗದಿಂದಾಗುವ ಸಾವು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ದಿನಕ್ಕೊಂದರಂತೆ ನುಂಗುವ 20 ಮಿಲಿಗ್ರಾಂನ ಒಂದು ಸಣ್ಣ ಗುಳಿಗೆಯಿಂದ ಇಷ್ಟು ಲಾಭ ದೊರೆಯುವುದು ವೈದ್ಯಶಾಸ್ತ್ರದಲ್ಲಿ ಅಪರೂಪ. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಅದು ಸೇರಿರುವುದು ಸುಮ್ಮನೆ ಅಲ್ಲ. ಈ ಜಾತಿಯ ಕ್ಯಾನ್ಸರ್ ಐದು, ಹತ್ತು ವರ್ಷಗಳ ನಂತರವೂ ಮರಳಿ ಬರಬಲ್ಲದು. “ಆಪರೇಷನ್ ಆಗಿ ಎರಡು ವರ್ಷವಾಯಿತು, ಇನ್ನೇನು ಭಯ?” ಎಂಬ ಮಾತು ಸರಿಯಲ್ಲ ಎನ್ನುವುದು ಅದಕ್ಕೇ.

ಸೆಳೆತ ಸುಳ್ಳಲ್ಲ

ಹಾಗೆಂದು ಕಾಲಿನ ಸೆಳೆತವನ್ನು ಅಲ್ಲಗಳೆಯುವಂತಿಲ್ಲ. ಟಾಮಾಕ್ಸಿಫೆನ್ ಸೇವಿಸುವವರಲ್ಲಿ ಇದು ಸಾಕಷ್ಟು ಕಾಣುವ ಉಪದ್ರವ. ಲೆಟ್ರೋಜೋಲ್ ಗುಂಪಿನ ಗುಳಿಗೆಗಳಲ್ಲಿ ಕೀಲುನೋವು, ಬೆಳಗಿನ ಬಿಗಿತ, ಮಾಂಸಖಂಡಗಳ ನೋವು ಹೆಚ್ಚು. ನಮ್ಮ ಶಾಸ್ತ್ರಕ್ಕೂ ಈ ಲಕ್ಷಣ ಹೊಸತಲ್ಲ. ಚರಕಸಂಹಿತೆಯ ಎಂಬತ್ತು ವಾತವಿಕಾರಗಳಲ್ಲಿ ಪಿಂಡಿಕೋದ್ವೇಷ್ಟನ, ಅಂದರೆ ಮೀನಖಂಡ ಹಿಂಡಿದಂತಾಗುವುದು, ಒಂದು. ಪಾದ, ಕಣಕಾಲು, ತೊಡೆಗಳಲ್ಲಿ ತಿರುಚಿದಂತೆ ನೋವಾಗುವ ‘ಖಲ್ಲೀ’ಯನ್ನೂ ಆಚಾರ್ಯರು ಹೇಳಿದ್ದಾರೆ. ನಮ್ಮ ಹೆಣ್ಣುಮಕ್ಕಳು ಹೇಳುವ ನೋವು ಕಲ್ಪನೆಯದಲ್ಲ. “ಕ್ಯಾನ್ಸರೇ ಹೋಗಿರುವಾಗ ಕಾಲುನೋವಿನದೇನು ದೊಡ್ಡದು?” ಎಂದು ಮನೆಯವರಾಗಲಿ ವೈದ್ಯರಾಗಲಿ ಅನ್ನಬಾರದು. ದಿನವೂ ನಿದ್ರೆಗೆಡುವವರು ಐದು ವರ್ಷ ಗುಳಿಗೆ ನುಂಗುವುದು ಹೇಗೆ? ಸೆಳೆತಕ್ಕೆ ಉಪಾಯ ಹುಡುಕುವುದೂ ಕ್ಯಾನ್ಸರ್ ಚಿಕಿತ್ಸೆಯ ಒಂದು ಭಾಗವೇ ಎಂಬುದು ನನ್ನ ಅಭಿಪ್ರಾಯ.

ಆದರೆ ಎಲ್ಲ ಸೆಳೆತಕ್ಕೂ ಹಾರ್ಮೋನ್ ಗುಳಿಗೆಯೊಂದನ್ನೇ ದೂರುವುದು ನ್ಯಾಯವಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆಯಾದರೂ ಸ್ನಾಯು ಸೆಳೆಯುತ್ತದೆ. ವಿಟಮಿನ್ ಡಿ ಕೊರತೆ, ಥೈರಾಯ್ಡ್ ದೋಷ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಗಳೂ ಕಾರಣವಾಗಬಹುದು. ರಕ್ತದೊತ್ತಡಕ್ಕೆ ಕೊಡುವ ಗುಳಿಗೆಗಳಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಸೇರಿರುವುದುಂಟು, ಅದರಿಂದ ಲವಣಾಂಶ ಹೊರಹೋಗಿ ಸೆಳೆತ ಬರುತ್ತದೆ. ಕೊಬ್ಬು ಇಳಿಸುವ ಸ್ಟ್ಯಾಟಿನ್ ಗುಳಿಗೆಗಳದೂ ಇದೇ ದೂರು. ಕಿಮೋಥೆರಪಿಯ ಕೆಲವು ಔಷಧಿಗಳಿಂದ ನರಗಳು ದುರ್ಬಲವಾಗಿ ಅಂಗಾಲು ಉರಿ, ಜುಮುಗುಡುವಿಕೆ ಉಳಿಯುತ್ತವೆ, ಅದಕ್ಕೆ ಚಿಕಿತ್ಸೆ ಬೇರೆ. ಇವೆಲ್ಲದರ ಮೇಲೆ ನಮ್ಮ ಕಲಬುರಗಿಯ ಬೇಸಿಗೆ. ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ತೊಗರಿ ಹೊಲಕ್ಕೋ ಕೂಲಿಗೋ ಹೋಗಿ ಬಂದು, ದಿನಕ್ಕೆ ಎರಡು ಲೋಟ ನೀರು ಕುಡಿದು ಮಲಗಿದರೆ ಯಾವ ಗುಳಿಗೆ ಇಲ್ಲದವರ ಕಾಲೂ ಹಿಡಿದೀತು.

ಮೊದಲು ನೋಡಬೇಕಾದ ಅಪಾಯ

ಎಣ್ಣೆ ಹಚ್ಚುವ ಮೊದಲು ಒಂದು ಸಂಗತಿಯನ್ನು ತಪ್ಪದೆ ನೋಡಬೇಕು. ಟಾಮಾಕ್ಸಿಫೆನ್‌ನಿಂದ ಕೆಲವರಲ್ಲಿ ಕಾಲಿನ ಒಳ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇದು ಎಲ್ಲರಿಗೂ ಆಗುವುದಲ್ಲ, ಆದರೆ ಆದರೆ ಪ್ರಾಣಕ್ಕೆ ಅಪಾಯ. ಸೆಳೆತ ಬಂದು ಕೆಲವು ನಿಮಿಷಗಳಲ್ಲಿ ಬಿಟ್ಟು ಹೋಗುತ್ತದೆ. ಹೆಪ್ಪಿನ ನೋವು ಹಾಗೆ ಬಿಡುವುದಿಲ್ಲ. ಒಂದೇ ಕಾಲು ಊದುವುದು, ಮುಟ್ಟಿದರೆ ಬಿಸಿ, ಚರ್ಮ ಕೆಂಪಾಗುವುದು, ಹಗಲಿಡೀ ಮೀನಖಂಡ ನೋಯುವುದು ಅದರ ಲಕ್ಷಣಗಳು. ಇವು ಕಂಡರೆ ಕಾಲನ್ನು ತಿಕ್ಕಬೇಡಿ, ಶಾಖ ಕೊಡಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಅದರೊಡನೆ ಉಸಿರು ಕಟ್ಟುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ ಕಂಡರೆ ಒಂದು ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ ಕಂಡರೂ ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿ.

ಮನೆಯಲ್ಲಿ ಮಾಡಬಹುದಾದದ್ದು

ಅಪಾಯದ ಲಕ್ಷಣಗಳಿಲ್ಲವೆಂದು ಖಾತ್ರಿಯಾದ ಮೇಲೆ ಉಳಿದ ಉಪಾಯಗಳು ಸರಳ. ಸೆಳೆತ ಬಂದ ಕೂಡಲೇ ಮೊಣಕಾಲನ್ನು ನೇರ ಮಾಡಿ, ಪಾದದ ಬೆರಳುಗಳನ್ನು ಕೈಯಿಂದಾಗಲಿ ಸೀರೆಯ ಸೆರಗಿನಿಂದಾಗಲಿ ಮೆಲ್ಲನೆ ಮುಖದ ಕಡೆಗೆ ಎಳೆದುಕೊಳ್ಳಿ. ಆಗುವುದಾದರೆ ಎದ್ದು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನಿಲ್ಲಿ. ಬೆರಳುಗಳನ್ನು ಕೆಳಮುಖವಾಗಿ ಚಾಚಿದರೆ ಸೆಳೆತ ಹೆಚ್ಚುತ್ತದೆಯೇ ಹೊರತು ಬಿಡುವುದಿಲ್ಲ.

ಸೆಳೆತ ಬಾರದಂತೆ ಮಾಡಲು ಮಲಗುವ ಮುನ್ನ ಐದು ನಿಮಿಷ ಮೀಸಲಿಡಿ. ಗೋಡೆಯಿಂದ ಎರಡು ಅಡಿ ದೂರ ನಿಂತು, ಎರಡೂ ಅಂಗೈಗಳನ್ನು ಗೋಡೆಗೆ ಊರಿ, ಒಂದು ಕಾಲನ್ನು ಹಿಂದಿಟ್ಟು, ಆ ಕಾಲಿನ ಹಿಮ್ಮಡಿ ಮೇಲೇಳದಂತೆ ಮುಂದಕ್ಕೆ ಬಾಗಿ. ಮೀನಖಂಡ ಹಿಗ್ಗಿದ ಅನುಭವವಾದಾಗ ನಿಧಾನವಾಗಿ ಇಪ್ಪತ್ತು ಎಣಿಸಿ. ಹೀಗೆ ಪ್ರತಿ ಕಾಲಿಗೂ ಮೂರು ಸಲ. ಇದಕ್ಕೆ ಹಣ ಬೇಡ, ಔಷಧಿ ಬೇಡ, ದಿನವೂ ಮಾಡುವ ನಿಷ್ಠೆಯೊಂದು ಬೇಕು. ಹಗಲಿನಲ್ಲಿ ಅರ್ಧ ಗಂಟೆ ನಡೆಯಿರಿ. ಪೂಜೆಗೆ, ಪ್ರವಚನಕ್ಕೆ, ರೊಟ್ಟಿ ಬಡಿಯಲು ಬಹಳ ಹೊತ್ತು ಕಾಲು ಮಡಚಿ ಕೂರುವವರು ನಡುನಡುವೆ ಕಾಲು ಚಾಚಿ ಪಾದಗಳನ್ನು ಆಡಿಸಬೇಕು. ಪೀಠದ ಮೇಲೆ, ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡಿದರೆ ಭಕ್ತಿಗೆ ಕೊರತೆಯೇನೂ ಬಾರದು. ಮಲಗುವಾಗ ಕಂಬಳಿಯನ್ನು ಪಾದದ ಮೇಲೆ ಬಿಗಿಯಾಗಿ ಸಿಕ್ಕಿಸಬೇಡಿ. ಅದರ ಭಾರಕ್ಕೆ ಪಾದ ಕೆಳಕ್ಕೆ ಬಾಗಿ ಮೀನಖಂಡ ಸಂಕುಚಿತವಾಗುತ್ತದೆ.

ಇನ್ನು ಅಭ್ಯಂಗ. ದಿನವೂ ಎಣ್ಣೆ ಹಚ್ಚಿಕೊಳ್ಳಬೇಕು, ಅದರಲ್ಲಿಯೂ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ಎಳ್ಳೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಪಾದದಿಂದ ಮೊಣಕಾಲಿನ ಕಡೆಗೆ, ಮೇಲ್ಮುಖವಾಗಿ, ಹತ್ತು ನಿಮಿಷ ಮೆಲ್ಲನೆ ಹಚ್ಚಿ. ವೈದ್ಯರು ಹೇಳಿದರೆ ಮಹಾನಾರಾಯಣ ತೈಲ ಬಳಸಬಹುದು. ಏನೂ ಇಲ್ಲದಿದ್ದರೆ ಮನೆಯ ಕುಸುಬೆ ಎಣ್ಣೆಯೂ ನಡೆದೀತು. ನಂತರ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಶಾಖ ಕೊಡಬಹುದು. ಅಂಗಾಲು ಮರಗಟ್ಟಿದವರು ಬಿಸಿಯನ್ನು ಮನೆಯವರ ಕೈಯಿಂದ ಪರೀಕ್ಷಿಸಿಕೊಂಡೇ ಹಾಕಿಕೊಳ್ಳಬೇಕು, ಇಲ್ಲವಾದರೆ ಸುಟ್ಟದ್ದೂ ತಿಳಿಯುವುದಿಲ್ಲ. ಮೂಳೆಗೆ ರೋಗ ಹರಡಿದವರು, ಶಸ್ತ್ರಚಿಕಿತ್ಸೆಯಾದ ಬದಿಯ ಕೈ ಊದಿರುವವರು ಆ ಭಾಗಗಳನ್ನು ಯಾರಿಂದಲೂ ಬಲವಾಗಿ ತಿಕ್ಕಿಸಿಕೊಳ್ಳಬಾರದು. ಎಣ್ಣೆಯಿಂದ ಹಿತವಾಗುತ್ತದೆ, ನಿದ್ರೆ ಬರುತ್ತದೆ. ಅದು ಕ್ಯಾನ್ಸರನ್ನು ತಡೆಯುವುದಿಲ್ಲ ಎಂಬುದನ್ನು ಆಯುರ್ವೇದ ವೈದ್ಯನಾಗಿ ನಾನೇ ಸ್ಪಷ್ಟವಾಗಿ ಹೇಳಬೇಕು.

ಕಮಲಾಪುರದ ಬಾಳೆಹಣ್ಣು

ಕಮಲಾಪುರದವರು ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದಿದೆ: “ನಮ್ಮೂರ ಕೆಂಪು ಬಾಳಿಹಣ್ಣು ತಿಂದ್ರ ಕಾಲು ಹಿಡಿಯೋದು ನಿಲ್ತದಂತ ಹೌದೇನ್ರಿ?” ಭೌಗೋಳಿಕ ಗುರುತು ಪಡೆದ ಆ ಹಣ್ಣಿನ ಮೇಲೆ ನನಗೂ ಅಭಿಮಾನವಿದೆ. ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಇದೆ, ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಆದರೆ ಪೊಟ್ಯಾಸಿಯಂ ಕಡಿಮೆಯಿಲ್ಲದವರಿಗೆ ಹಣ್ಣಿನಿಂದ ಸೆಳೆತ ನಿಲ್ಲುವುದಿಲ್ಲ. ಆಹಾರವೆಂದು ಒಂದು ಹಣ್ಣು ತಿನ್ನಿ, ಔಷಧಿಯೆಂದು ಡಜನ್ ತಿನ್ನಬೇಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ತಿನ್ನಿ. ಹೃದಯ, ಮೂತ್ರಪಿಂಡದ ತೊಂದರೆಯಿಲ್ಲದವರು ಬೇಸಿಗೆಯಲ್ಲಿ ನೀರು, ತೆಳು ಮಜ್ಜಿಗೆಯನ್ನು ಹೊತ್ತು ಹೊತ್ತಿಗೆ ಕುಡಿಯಬೇಕು. ಜೋಳದ ರೊಟ್ಟಿ, ಬೇಳೆ, ಸೊಪ್ಪು, ಹಾಲು, ಮೊಸರು, ಎಳ್ಳು ನಮ್ಮ ಮನೆಯ ಊಟದಲ್ಲಿಯೇ ಇವೆ. ಲೆಟ್ರೋಜೋಲ್ ಗುಂಪಿನ ಗುಳಿಗೆಗಳು ಮೂಳೆಯನ್ನು ಸವೆಸುವುದರಿಂದ ಅವರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳೂ ಬೇಕಾಗುತ್ತವೆ. ಅವುಗಳ ಪ್ರಮಾಣವನ್ನು ರಕ್ತ ಪರೀಕ್ಷೆ ನೋಡಿ ವೈದ್ಯರು ನಿರ್ಧರಿಸಲಿ.

ನನ್ನ ವೃತ್ತಿಬಾಂಧವರಿಗೆ ಒಂದು ಮಾತು

ಸೆಳೆತವೆಂದು ನಮ್ಮ ಬಳಿ ಬರುವ ಪ್ರತಿ ಮಹಿಳೆಯನ್ನೂ “ಹಿಂದೆ ಆಪರೇಷನ್ ಆಗಿದೆಯೇ, ಈಗ ಯಾವ ಗುಳಿಗೆ?” ಎಂದು ಏಕಾಂತದಲ್ಲಿ ಕೇಳಬೇಕು. ಹಾರ್ಮೋನ್ ಚಿಕಿತ್ಸೆಯಲ್ಲಿರುವವರಿಗೆ ನಮ್ಮ ಎಲ್ಲ ಔಷಧಿಗಳೂ ನಿರಪಾಯವಲ್ಲ. ಶತಾವರಿಯಲ್ಲಿ ಈಸ್ಟ್ರೋಜೆನ್‌ನಂತೆ ವರ್ತಿಸಬಲ್ಲ ಅಂಶಗಳಿವೆ. ಯಷ್ಟಿಮಧುವಿನಲ್ಲಿಯೂ ಅಂಥ ಅಂಶಗಳಿದ್ದು, ಅದನ್ನು ಹೆಚ್ಚು ದಿನ ಸೇವಿಸಿದರೆ ಪೊಟ್ಯಾಸಿಯಂ ಇಳಿದು ಸೆಳೆತವೇ ಹೆಚ್ಚಬಹುದು. ಸಾರಿನ ಅರಿಶಿನಕ್ಕೆ ಅಡ್ಡಿಯಿಲ್ಲ. ಆದರೆ ಅರಿಶಿನದ ಸಾರವನ್ನು ಕರಿಮೆಣಸಿನ ಸಾರದೊಡನೆ ಸೇರಿಸಿದ ಕ್ಯಾಪ್ಸೂಲುಗಳು ರಕ್ತದಲ್ಲಿ ಟಾಮಾಕ್ಸಿಫೆನ್‌ನ ಪ್ರಮಾಣವನ್ನು ತಗ್ಗಿಸುತ್ತವೆ ಎಂದು 2019ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ತೋರಿಸಿದ್ದಾರೆ. ಹೆಸರು, ಘಟಕಗಳು ಬರೆದಿರದ ಭಸ್ಮ, ಪುಡಿಗಳಂತೂ ಬೇಡವೇ ಬೇಡ. ಅಲೋಪಥಿಯಲ್ಲಿಯೂ ಪ್ಯಾರೊಕ್ಸೆಟಿನ್, ಫ್ಲೂಯೊಕ್ಸೆಟಿನ್ ಎಂಬ ಮನೋರೋಗದ ಗುಳಿಗೆಗಳು ಟಾಮಾಕ್ಸಿಫೆನ್ ಕೆಲಸಕ್ಕೆ ಅಡ್ಡಬರುತ್ತವೆ. ಯಾವ ಪದ್ಧತಿಯೇ ಆಗಲಿ, ಕೇಳದೆ ಕೊಟ್ಟದ್ದು ತಪ್ಪೇ. ನಮ್ಮ ಔಷಧಿಯ ಹಿರಿಮೆಯನ್ನು ತೋರಿಸಲು ಇನ್ನೊಬ್ಬರ ಗುಳಿಗೆಯನ್ನು ಬಿಡಿಸುವುದು ವೈದ್ಯಧರ್ಮವಲ್ಲ. ಇದನ್ನು ನಾನು ಬೆಲೆ ತೆತ್ತು ಕಲಿತೆ. ಆ ಬೆಲೆಯನ್ನು ತೆತ್ತವರು ಮಾತ್ರ ಬೇರೆಯವರು.

ಬಾಯಿಬಿಟ್ಟು ಹೇಳಿರಿ

ಗುಳಿಗೆ ಸಹಿಸಲಾಗದಿದ್ದರೆ ದಾರಿಗಳಿವೆ. ನುಂಗುವ ಹೊತ್ತನ್ನು ಬದಲಿಸಬಹುದು. ಬೇರೆ ಕಂಪನಿಯ ಗುಳಿಗೆಯನ್ನು ಪ್ರಯತ್ನಿಸಬಹುದು. ಮುಟ್ಟು ನಿಂತವರಿಗೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಬದಲಿಸಬಹುದು. ಕೆಲವೊಮ್ಮೆ ವೈದ್ಯರೇ ಲೆಕ್ಕ ಹಾಕಿ ಕೆಲವು ವಾರಗಳ ಬಿಡುವು ಕೊಟ್ಟು ಮತ್ತೆ ಆರಂಭಿಸುತ್ತಾರೆ. ಇದೆಲ್ಲ ಕ್ಯಾನ್ಸರ್ ತಜ್ಞರು ಮಾಡಬೇಕಾದ ನಿರ್ಧಾರ. ನಾವಾಗಿ ಬಿಡುವುದಕ್ಕೂ ಅವರು ಹೇಳಿ ಬಿಡಿಸುವುದಕ್ಕೂ ಬಹಳ ಅಂತರವಿದೆ. ಟಾಮಾಕ್ಸಿಫೆನ್ ದೇಹದಿಂದ ಪೂರ್ತಿ ಹೋಗಲು ವಾರಗಳೇ ಬೇಕು. ಎರಡು ದಿನ ಬಿಟ್ಟು ನೋಡಿ, “ಗುಳಿಗೆಯದೇ ತಪ್ಪು” ಎಂದು ತೀರ್ಮಾನಿಸುವುದಕ್ಕೆ ಅರ್ಥವಿಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ, ಎಂದಿನಂತೆ ಒಂದೇ ಸಾಕು.

ಮೊದಲು ಇಂಥ ಸಲಹೆಗೆ ಸೊಲ್ಲಾಪುರ, ಬಾರ್ಶಿ, ಹೈದರಾಬಾದು, ಬೆಂಗಳೂರು ಎಂದು ಅಲೆಯಬೇಕಿತ್ತು. ಈಗ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲಿಯೇ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ರಾಜ್ಯದೊಳಗೆ ಸಾರಿಗೆ ಬಸ್ಸಿನ ಪ್ರಯಾಣವೂ ಉಚಿತವಾಗಿದೆ. ಆದರೂ ಕಮಲಾಪುರದಿಂದ ಬರುವ ಕೂಲಿಯವರಿಗೆ ಒಂದು ದಿನದ ದುಡಿಮೆ ಹೋಗುತ್ತದೆ. “ಇಷ್ಟು ಸಣ್ಣದಕ್ಕ ದವಾಖಾನಿಗಿ ಯಾಕ ಹೋಗಬೇಕು?” ಎಂಬ ಸಂಕೋಚವಂತೂ ದೊಡ್ಡದು. ಗುಳಿಗೆ ಗುಟ್ಟಾಗಿ ನಿಲ್ಲುವುದು ಇಲ್ಲಿಯೇ. ಕ್ಯಾನ್ಸರ್ ವೈದ್ಯರಲ್ಲಿ ನನ್ನ ವಿನಂತಿ: ಗಡ್ಡೆಯ ಬಗ್ಗೆ ಕೇಳಿದಂತೆ “ರಾತ್ರಿ ಕಾಲು ಹಿಡಿಯುತ್ತದೆಯೇ ತಾಯಿ, ಗುಳಿಗೆ ತಪ್ಪುತ್ತಿದೆಯೇ?” ಎಂದೂ ಬೈಯದೆ ಕೇಳಿರಿ. ಬೈಗುಳದ ಭಯವಿರುವಲ್ಲಿ ಸತ್ಯ ಹೊರಬರುವುದಿಲ್ಲ.

ಕಮಲಾಪುರದ ಆ ತಾಯಿಗೆ ನಾನು ಅಂದು ಎಣ್ಣೆಗಿಂತ ಮೊದಲು ಒಂದು ಚೀಟಿ ಬರೆದುಕೊಟ್ಟೆ, ಅವರ ಕ್ಯಾನ್ಸರ್ ತಜ್ಞರ ಹೆಸರಿಗೆ. ಮಗನನ್ನು ಕರೆದು, ಅವರ ಒಪ್ಪಿಗೆ ಪಡೆದು, ವಿಷಯ ತಿಳಿಸಿದೆ. ಅವನು ಸಿಟ್ಟಾಗಲಿಲ್ಲ, “ಯವ್ವಾ, ನನಗರ ಹೇಳಬಾರದೇನು?” ಎಂದು ಅವರ ಕೈ ಹಿಡಿದುಕೊಂಡ. ಪರೀಕ್ಷೆಯಲ್ಲಿ ವಿಟಮಿನ್ ಡಿ ಬಹಳ ಕಡಿಮೆಯಿತ್ತು. ರಕ್ತದೊತ್ತಡದ ಗುಳಿಗೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯಿತ್ತು, ಅದನ್ನು ಕೊಟ್ಟ ವೈದ್ಯರೇ ಬದಲಿಸಿದರು. ತಜ್ಞರ ಸಲಹೆಯಂತೆ ಹಾರ್ಮೋನ್ ಗುಳಿಗೆ ಮತ್ತೆ ಆರಂಭವಾಯಿತು. ರಾತ್ರಿ ಗೋಡೆಯ ವ್ಯಾಯಾಮ, ಎಣ್ಣೆ, ಮಜ್ಜಿಗೆ ನಡೆದವು. ಸಂಕ್ರಾಂತಿಯ ಹೊತ್ತಿಗೆ ಬಂದಾಗ, “ಪೂರಾ ಹೋಗಿಲ್ಲರಿ, ಹದಿನೈದು ದಿನಕ್ಕೊಮ್ಮೆ ಬರ್ತದ. ಆದ್ರ ನಿದ್ದಿ ಬರ್ತದ, ಗುಳಿಗೀನೂ ತಪ್ಪಿಲ್ಲ” ಎಂದರು. ನನಗೆ ಅಷ್ಟು ಸಾಕಾಯಿತು.

ಈ ಪತ್ರಿಕೆಯನ್ನು ಓದುವ ಶರಣ ಬಂಧುಗಳ ಮನೆಯಲ್ಲಿ, ನೆರೆಯಲ್ಲಿ ಇಂಥ ತಾಯಂದಿರು ಇದ್ದೇ ಇರುತ್ತಾರೆ. ಇಂದು ರಾತ್ರಿ ಅವರ ಬಳಿ ಕುಳಿತು ಎರಡು ಪ್ರಶ್ನೆ ಕೇಳಿರಿ: ಕಾಲು ಹೇಗಿದೆ, ಗುಳಿಗೆ ನಡೆದಿದೆಯೇ? ಉತ್ತರ ಏನೇ ಬರಲಿ, ಬೈಯಬೇಡಿ. ಮರುದಿನ ಅವರ ಜೊತೆಗೆ ಬಸ್ಸು ಹತ್ತಿರಿ.